ಹೆಬ್ಬೆರಳಿನ ತೂಕ

ಅಪ್ಪನ ನೆನಪಿನ ಸಭೆ ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ನಿಗದಿಯಾಗಿತ್ತು. ಹತ್ತು ಗಂಟೆ ಐದು ನಿಮಿಷಕ್ಕೆ ಅಮ್ಮ ತಾನು ಬರುವುದಿಲ್ಲವೆಂದು ಘೋಷಿಸಿ, ಅಡುಗೆಮನೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡಳು.

ಅಪ್ಪ ಮೂವತ್ತೈದು ವರ್ಷ ತಕ್ಕಡಿ ರಿಪೇರಿ ಮಾಡಿದವರು. ಸಭೆ ಕರೆದವರು ಅವರ ವರ್ಕ್‌ಶಾಪಿನ ಜೊತೆಗಾರರು. ನಮ್ಮನ್ನು ಕರೆದೊಯ್ಯಲು ಬಂದಿದ್ದವರು ಅವರಲ್ಲಿ ಅತ್ಯಂತ ಕುಳ್ಳಗಿನ, ಅತ್ಯಂತ ಚಿಕ್ಕ ತಪ್ಪನ್ನೂ ಬಿಡದ ಮನುಷ್ಯ. ಈ ಎರಡು ಕಾರಣಗಳಿಂದ ಅವರ ಹೆಸರು ಮಿಲಿಗ್ರಾಂ. ನನಗೆ ಮಿಲಿಗ್ರಾಂ ಚಿಕ್ಕಪ್ಪ.

“ಅತ್ತಿಗೆ, ಬಾಗಿಲು ತೆಗೀರಿ. ನೀವು ನಾಲ್ಕು ಮಾತಾಡದೆ ಸಭೆ ಶುರುವಾಗಲ್ಲ. ಅಲ್ಲಿ ಬಿಸ್ಕತ್ತು ಆಗಲೇ ಅರ್ಧ ಖಾಲಿ!”

“ಏನಂತ ಮಾತಾಡ್ಲಿ?” ಬಾಗಿಲು ಉತ್ತರಿಸಿತು. “ಕರೆಯೋಲೆಯಲ್ಲಿ ‘ಜೀವನದಲ್ಲಿ ಒಂದು ಗ್ರಾಂ ಸುಳ್ಳು ತೂಗದವರು’ ಅಂತ ಅಚ್ಚು ಹಾಕ್ಸಿದ್ದೀರಿ. ಅಂಥವರಿಗೆ ಹದಿನಾಲ್ಕು ತಿಂಗಳು ತೂಕದಲ್ಲಿ ಮೋಸ ಮಾಡಿದವಳು ನಾನು. ಮೈಕ್ ಮುಂದೆ ನಿಂತು ಅದನ್ನ ಹೇಳ್ಲಾ?”

ಇಲ್ಲಿ ಸ್ವಲ್ಪ ವಿವರಣೆ ಅಗತ್ಯ. ಅಪ್ಪ ಹಾಸಿಗೆ ಹಿಡಿದಾಗ ವೈದ್ಯರು ವಾರಕ್ಕೊಮ್ಮೆ ತೂಕ ಬರೆದಿಡಲು ಹೇಳಿದ್ದರು. ನಡುಮನೆಯಲ್ಲಿ ಅಪ್ಪನದೇ ಹಳೆಯ ತೂಕದ ಯಂತ್ರವಿತ್ತು: ಕೆಳಗೆ ಕಬ್ಬಿಣದ ಹಲಗೆ, ಮೇಲೆ ಅಂಕಿ ಕೊರೆದ ಪಟ್ಟಿ, ಪಟ್ಟಿಯ ಮೇಲೆ ಜರುಗುವ ಹಿತ್ತಾಳೆ ಗುಂಡು. ಅಪ್ಪನಿಗೆ ನಿಲ್ಲಲು ಶಕ್ತಿಯಿಲ್ಲದ ಕಾರಣ ಹಲಗೆಯ ಮೇಲೆ ಕುರ್ಚಿ ಇಟ್ಟು ಕೂರಿಸುತ್ತಿದ್ದೆವು. ಅವರು ಬೀಳದಂತೆ ಅಮ್ಮ ಹಿಂದೆ ನಿಂತು ಕುರ್ಚಿ ಹಿಡಿಯುತ್ತಿದ್ದಳು. ಭೌತಶಾಸ್ತ್ರ ಓದಿದ ನಾನು ಗುಂಡು ಜರುಗಿಸಿ, ಬಂದ ಅಂಕಿಯಿಂದ ಕುರ್ಚಿಯ ತೂಕ ಕಳೆದು, ಗ್ರಾಫ್ ಕಾಗದದಲ್ಲಿ ಚುಕ್ಕಿ ಇಡುತ್ತಿದ್ದೆ.

“ಹೆಬ್ಬೆರಳು ಇಟ್ಟೆ ಕಣೇ,” ಎಂದಳು ಅಮ್ಮ ಒಳಗಿನಿಂದ. “ಹಲಗೆ ಅಂಚಿನ ಮೇಲೆ, ಬಲಗಾಲಿನ ಹೆಬ್ಬೆರಳು. ಪ್ರತಿ ಭಾನುವಾರ. ತೂಕ ಇಳಿದಿದೆ ಅಂದ ದಿನ ಅವರ ಮುಖ ನೋಡಕ್ಕಾಗ್ತಿರಲಿಲ್ಲ.”

ಅದನ್ನು ನಾನು ಗಮನಿಸಿರಲಿಲ್ಲ. ನನ್ನ ದೃಷ್ಟಿ ಸದಾ ಅಂಕಿಯ ಮೇಲಿತ್ತು, ನೆಲದ ಮೇಲಲ್ಲ. ಆದರೆ ಆ ಕ್ಷಣದಲ್ಲಿ ಸುಮ್ಮನಿರುವುದು ವೈಜ್ಞಾನಿಕ ಪ್ರಾಮಾಣಿಕತೆಗೆ ವಿರುದ್ಧವಾಗಿತ್ತು.

“ಅಮ್ಮಾ,” ಎಂದೆ, “ಕುರ್ಚಿ ಐದು ಕೆಜಿ. ನಾನು ನಾಲ್ಕೇ ಕಳೀತಿದ್ದೆ.”

ಒಳಗೆ ಸೌಟೊಂದು ಪಾತ್ರೆಗೆ ಠಣ್ ಎಂದು ಬಡಿಯಿತು.

“ಥೂ! ಇದಕ್ಕಾ ನಿನ್ನ ಓದಿಸಿದ್ದು?”

“ಹೆಬ್ಬೆರಳಿಟ್ಟವಳು ನನಗೆ ಹೇಳ್ತೀಯಾ?”

“ನಂದು ಬರೀ ಕಾಲು. ನಿಂದು ತಲೆ! ತಲೆ ಕೆಟ್ರೆ ಉಳಿಯೋದೇನೇ?”

“ಅದಕ್ಕೇ ಆಸ್ಪತ್ರೆಯಲ್ಲಿ ತೂಕ ಕಡಿಮೆ ಬಂದಾಗೆಲ್ಲ ಗಲಾಟೆ ಮಾಡ್ತಿದ್ಯಾ?”

ಆ ಗಲಾಟೆ ನನಗೆ ಚೆನ್ನಾಗಿ ನೆನಪಿದೆ. ವೈದ್ಯರು ತಮ್ಮ ಯಂತ್ರದ ಅಂಕಿಯನ್ನಷ್ಟೇ ನಂಬಿ ಔಷಧಿ ಬರೆಯುತ್ತಿದ್ದರು. ಹಾಗಾಗಿ ಚಿಕಿತ್ಸೆಗೆ ತೊಂದರೆಯಾಗಲಿಲ್ಲ. ಅಮ್ಮ ಮಾತ್ರ, “ನಿಮ್ಮ ಮಷೀನ್ ಸರಿಯಿಲ್ಲ ಡಾಕ್ಟ್ರೇ, ನಮ್ಮನೆಯವರನ್ನೇ ಕೇಳಿ,” ಎನ್ನುತ್ತಿದ್ದಳು. ಅಪ್ಪ ಬಗ್ಗಿ ಯಂತ್ರವನ್ನು ಪರೀಕ್ಷಿಸಿ, ಗಂಭೀರವಾಗಿ, “ಹೌದು, ಸ್ಪ್ರಿಂಗ್ ಸಡಿಲ,” ಎಂದು ತೀರ್ಪು ಕೊಡುತ್ತಿದ್ದರು. ಅದು ಎಲೆಕ್ಟ್ರಾನಿಕ್ ಯಂತ್ರ. ಅದರಲ್ಲಿ ಸ್ಪ್ರಿಂಗ್ ಎಂಬ ಭಾಗವೇ ಇರಲಿಲ್ಲ. ಕಾಯಿಲೆ ಅಪ್ಪನ ವಿದ್ಯೆಯನ್ನೂ ತಿನ್ನುತ್ತಿದೆಯೆಂದು ನಾನು ಆಗ ದುಃಖಪಟ್ಟಿದ್ದೆ.

ಇಷ್ಟು ಹೊತ್ತೂ ಮಿಲಿಗ್ರಾಂ ಚಿಕ್ಕಪ್ಪ ಗೋಡೆಗೊರಗಿ ಬಾಯಿಗೆ ಕರವಸ್ತ್ರ ಒತ್ತಿಕೊಂಡಿದ್ದರು. ಅಳುತ್ತಿದ್ದಾರೆಂದು ಭಾವಿಸಿ ನೀರು ತರಲು ಹೊರಟೆ. ಅವರು ನಗುತ್ತಿದ್ದರು.

“ಅತ್ತಿಗೆ, ತಕ್ಕಡಿಯವನಿಗೆ ತೂಕದಲ್ಲಿ ಮೋಸ! ಅಜ್ಜಿಗೆ ಕೆಮ್ಮು ಕಲಿಸ್ದಂಗಾಯ್ತು.” ಅವರು ಜೇಬಿನಿಂದ ಒಂದು ಪುಟ್ಟ ನೋಟ್‌ಬುಕ್ ತೆಗೆದರು. “ಭಾನುವಾರ ಸಂಜೆ ನಾನು ಮಾತಾಡ್ಸೋಕೆ ಬರ್ತಿದ್ನಲ್ಲ, ಆಗ ಅಣ್ಣ ಹೇಳಿ ಬರೆಸಿದ್ದು. ‘ಮನೇಲಿ ಏನಾದ್ರೂ ಹೇಳ್ಕೊಳ್ಳಲಿ, ಸರಿಯಾದ ತೂಕ ಎಲ್ಲಾದ್ರೂ ಒಂದು ಕಡೆ ಇರ್ಬೇಕು ಕಣೋ’ ಅಂತ. ಸಭೆಯಲ್ಲಿ ಓದೋಣ ಅಂತ ತಂದಿದ್ದೀನಿ. ಓದು ಪುಟ್ಟಿ, ಗಟ್ಟಿಯಾಗಿ.”

ಪುಟದಲ್ಲಿ ನೇರವಾದ ಗೆರೆಗಳೆಳೆದು ಐದು ಅಂಕಣ ಮಾಡಲಾಗಿತ್ತು. ನಾನು ಓದಿದೆ:

“ಮಗಳು ಹೇಳಿದ್ದು, ಐವತ್ತು ಪಾಯಿಂಟ್ ಆರು. ಹೆಬ್ಬೆರಳು, ಒಂದು ಪಾಯಿಂಟ್ ಆರು. ವಿಜ್ಞಾನ, ಒಂದು. ನಿಜ, ನಲವತ್ತೆಂಟು.”

“ವಿಜ್ಞಾನ ಅಂದ್ರೆ?” ಎಂದಿತು ಬಾಗಿಲು.

“ನಾನು,” ಎಂದೆ.

ವಿಜ್ಞಾನದ ಅಂಕಣದಲ್ಲಿ ಪ್ರತಿ ವಾರ ಒಂದೇ ಅಂಕಿ. ಹೆಬ್ಬೆರಳಿನದು ಹಾಗಲ್ಲ, ಏರಿಳಿಯುತ್ತಿತ್ತು. ಒಂದು ಕಡೆ ಎರಡು ಪಾಯಿಂಟ್ ಒಂಬತ್ತು ಇತ್ತು. ಪಕ್ಕದ ಷರಾ: ‘ಬೆಳಿಗ್ಗೆ ನನ್ನ ಮೇಲೆ ಸಿಟ್ಟಾಗಿದ್ದಳು.’

“ಹೆಬ್ಬೆರಳಿನ ತೂಕ ಅವರಿಗೆ ಹೇಗೆ ಗೊತ್ತಾಯ್ತು ಚಿಕ್ಕಪ್ಪ?”

“ಆ ಹಲಗೆ ಅಂಚಿಗೆ ಭಾರ ಬಿದ್ರೆ ಕಿರ್ ಅನ್ನುತ್ತೆ. ಕಿರ್ ಎಷ್ಟುದ್ದ ಇತ್ತು ಅನ್ನೋದ್ರ ಮೇಲೆ ಲೆಕ್ಕ.”

ವಿಧಾನ ನಂಬಲರ್ಹವಾಗಿ ಕಾಣಲಿಲ್ಲ. ಆಸ್ಪತ್ರೆಯ ಚೀಟಿಗಳನ್ನು ತಂದು ಅದೇ ವಾರಗಳ ‘ನಿಜ’ಕ್ಕೆ ಹೋಲಿಸಿದೆ. ಹದಿನಾಲ್ಕು ಚೀಟಿಗಳಲ್ಲಿ ಒಂದರಲ್ಲೂ ವ್ಯತ್ಯಾಸ ಇನ್ನೂರು ಗ್ರಾಂ ದಾಟಲಿಲ್ಲ.

ಚಿಲಕ ಸರಿಯಿತು. ಅಮ್ಮ ಕೈಯಲ್ಲಿ ಸೌಟು ಹಿಡಿದೇ ಹೊರಬಂದಳು.

“ಗೊತ್ತಿತ್ತಾ? ಎಲ್ಲಾ ಗೊತ್ತಿದ್ದೂ, ಪ್ರತಿ ವಾರ ಹೊಟ್ಟೆ ತಟ್ಕೊಂಡು ‘ನೋಡೇ, ಊದ್ಕೊಳ್ತಿದ್ದೀನಿ’ ಅಂತಿದ್ರಾ? ಕಳ್ಳ!”

“ನೀವು ಚಾಪೆ ಕೆಳಗೆ ತೂರಿದ್ರೆ ಅವರು ರಂಗೋಲಿ ಕೆಳಗೇ ತೂರಿದ್ರು ಬಿಡಿ,” ಎಂದರು ಚಿಕ್ಕಪ್ಪ.

“ಯಾಕೆ? ನನಗೊಂದು ಮಾತು ಹೇಳಿದ್ರೆ ಏನಾಗ್ತಿತ್ತು?”

ಉತ್ತರ ಐದನೆಯ ಅಂಕಣದಲ್ಲಿತ್ತು. ಅದಕ್ಕೆ ಶೀರ್ಷಿಕೆ ಇರಲಿಲ್ಲ. ಓದುವಾಗ ನನ್ನ ಧ್ವನಿ ನಿರೀಕ್ಷಿತ ಮಟ್ಟದಲ್ಲಿ ನಿಲ್ಲಲಿಲ್ಲ. ‘ಹೊಟ್ಟೆ ತಟ್ಟಿಕೊಂಡು ನಕ್ಕೆ. ಅವಳು ಇವತ್ತು ಎರಡು ಸಲ ಬಡಿಸಿಕೊಂಡಳು.’ ಮುಂದಿನ ವಾರ: ‘ಹೊಟ್ಟೆ ತುಂಬ ಉಂಡಳು.’ ಅದರ ಮುಂದಿನ ವಾರ: ‘ಉಂಡಳು. ನನ್ನ ತಟ್ಟೆಯಲ್ಲಿ ಉಳಿದದ್ದನ್ನೂ.’

ಅಮ್ಮ ಸೌಟನ್ನು ನೋಡುತ್ತ ನಿಂತಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, “ಉಳಿದಿದ್ದನ್ನ ತಿಂದಿದ್ದನ್ನೂ ಬರೆಸಿದ್ದಾರೆ, ಮಾನಗೆಟ್ಟವರು,” ಎಂದಳು. “ಸಭೆಯಲ್ಲಿ ಆ ಸಾಲು ಓದಬೇಡಿ.”

“ಅಂದ್ರೆ ಬರ್ತೀರಾ?”

“ಬರದೆ? ಒಂದು ಗ್ರಾಂ ಸುಳ್ಳು ತೂಗದವರಂತೆ! ನಿಜ ಏನು ಅಂತ ನಾನೇ ಹೇಳ್ತೀನಿ.”

ಚಪ್ಪಲಿ ಹುಡುಕುತ್ತ ನಡುಮನೆಗೆ ಬಂದವಳು ಯಂತ್ರದ ಮುಂದೆ ನಿಂತಳು. ಅಪ್ಪ ಹೋದ ಮೇಲೆ ಆ ಹಲಗೆಯನ್ನು ಯಾರೂ ಮುಟ್ಟಿರಲಿಲ್ಲ. ಅಮ್ಮ ಸರಿಯಾಗಿ ಊಟ ಮಾಡುತ್ತಿಲ್ಲವೆಂಬ ಅನುಮಾನವೂ ನನಗಿತ್ತು.

“ತೂಗು ನೋಡೋಣ,” ಎಂದು ಹತ್ತಿ ನಿಂತಳು.

ಗುಂಡನ್ನು ಜರುಗಿಸಿದೆ. ಅದು ಐವತ್ತೈದರಲ್ಲೂ ನಿಲ್ಲಲಿಲ್ಲ, ಐವತ್ತೆರಡರಲ್ಲೂ ನಿಲ್ಲಲಿಲ್ಲ. ಇನ್ನೂ ಕೆಳಗಿನ ಅಂಕಿಯನ್ನು ಅಮ್ಮ ನೋಡುವ ಮೊದಲು ನನ್ನ ಬಲಗಾಲು, ಯಾವ ಪೂರ್ವಯೋಜನೆಯೂ ಇಲ್ಲದೆ, ಹಲಗೆಯ ಅಂಚಿಗೆ ಹೋಯಿತು.

ಕಿರ್ ಎಂದಿತು.

ಅಮ್ಮ ತಿರುಗಿಯೂ ನೋಡಲಿಲ್ಲ.

“ಕಾಲು ತೆಗಿಯೇ,” ಎಂದಳು. “ಬಂದು ಊಟ ಮಾಡ್ತೀನಿ.”