ಬಾಯಿಪಾಠ

"ಸಹಿ ಮಾಡು. ಇಲ್ಲಂದ್ರ ಎರಡು ವರ್ಷ ಪರೀಕ್ಷಾಕ್ಕ ಕುಂಡ್ರೂ ಹಂಗಿಲ್ಲ," ಎಂದು ಹೆಡ್‌ಮಾಸ್ತರ ದೇವೇಂದ್ರಪ್ಪನವರು ತಪ್ಪೊಪ್ಪಿಗೆಯ ಕಾಗದವನ್ನು ಮುಂದೆ ತಳ್ಳಿದರು.

"ಮಾಡಂಗಿಲ್ರಿ," ಎಂದ ಗಾದಿಲಿಂಗಪ್ಪ. "ನಾ ನಕಲ ಮಾಡಿಲ್ಲ."

ಅವನ ಇತಿಹಾಸದ ಉತ್ತರವು ಪಠ್ಯಪುಸ್ತಕದಲ್ಲಿದ್ದಂತೆಯೇ ಇತ್ತು, ಒಂದು ಮಾತೂ ಆಚೀಚೆ ಇಲ್ಲದೆ. ಅದೇ ಅವನ ಮೇಲಿನ ಆರೋಪ. ನಿಜಾಮರ ಆಳ್ವಿಕೆಯ ಕೊಪ್ಪಳ. ಹೈಸ್ಕೂಲಿನಲ್ಲಿ ಪಾಠವೆಲ್ಲ ಉರ್ದುವಿನಲ್ಲಿ. ಇತಿಹಾಸ ಕಲಿಸುತ್ತಿದ್ದ ದೇವೇಂದ್ರಪ್ಪನವರೂ ಮನೆಯಲ್ಲಿ ಕನ್ನಡದವರೇ. ತರಗತಿಯಲ್ಲಿ ಮಾತ್ರ, ಒಂದು ಕನ್ನಡ ಮಾತು ಜಾರಿದರೆ ನೌಕರಿಯೇ ಜಾರೀತು ಎಂಬಂತಿರುತ್ತಿದ್ದರು. ಯಲಬುರ್ಗಾ ಕಡೆಯ ಹಳ್ಳಿಗಳಿಂದ ಬಂದ ಗಾದಿಲಿಂಗಪ್ಪನಂಥ ಹುಡುಗರಿಗೆ ಪಾಠ ತಿಳಿಯಿತೇ ಎಂದು ಅವರು ಒಂದು ದಿನವೂ ಕೇಳಿದವರಲ್ಲ. ಈಗ ಸಿಟ್ಟು ಮಾತ್ರ ಧಾರಾಳವಾಗಿತ್ತು.

"ಬಾಯಿಪಾಠ ಮಾಡಿದ್ನಿರಿ. ಹೇಳ್ಲೇನು?"

"ಪರೀಕ್ಷಾ ಆಗಿ ಹದಿನೈದು ದಿನ ಆತು. ಈಗ ಯಾರರ ಹೇಳ್ತಾರ. ಆವತ್ತ ನಿನಗ ಬರತಿತ್ತು ಅನ್ನಾಕ ಸಾಕ್ಷಿ ಯಾರದಾರ?"

"ನಾ ಅದೀನ್ರಿ."

ಬಾಗಿಲಲ್ಲಿ ನಿಂತಿದ್ದ ಅವನ ತಾಯಿ ಮಾರೆವ್ವ ಒಳಗೆ ಬಂದಳು. ಕಾಲು ಹಿಡಿಯಲು ಬಂದಿದ್ದಾಳೆಂದು ದೇವೇಂದ್ರಪ್ಪನವರು ಮುಖ ತಿರುಗಿಸಿದರು. ಅವಳು ಅವರ ಮೇಜಿನವರೆಗೂ ಬಂದು ನಿಂತಳು.

"ಪರೀಕ್ಷಾಕ್ಕಿಂತ ಮೊದಲಿನ ರಜಾದಾಗ ನಾ ಜ್ವಾಳ ಬೀಸೂವಾಗ ಇವ ಎದರಿಗೆ ಕುಂತು ದಿನಾ ಒದರತಿದ್ದ. ಕೇಳ್ರಿ."

ಬೀಸುವ ಪದದ ಧಾಟಿಯಲ್ಲೇ ಎಳೆದಳು: "ಶೇರ್‌ಶಾಹ್ ನೆ... ಸಡಕ್ ಕೆ ದೋನೋ ತರಫ್... ದರಖ್ತ್ ಲಗವಾಯೆ..."

ಕಲಿಯಲು ಎಂದೂ ಶಾಲೆಯ ಮೆಟ್ಟಿಲು ಹತ್ತದ ಹೆಂಗಸು ಇಡೀ ಪುಟ ಹೇಳಿ ಮುಗಿಸಿದಳು. ಉತ್ತರಪತ್ರಿಕೆಯ ಸಾಲುಗಳ ಮೇಲೆ ದೇವೇಂದ್ರಪ್ಪನವರ ಬೆರಳು ಅವಳ ದನಿಯ ಹಿಂದೆಯೇ ಓಡಿತು. ಎಲ್ಲೂ ತಪ್ಪು ಸಿಗಲಿಲ್ಲ.

"ನಾನೂ ನಕಲ ಮಾಡೀನೇನ್ರಿ?"

ಅವರು ಉತ್ತರಪತ್ರಿಕೆಯನ್ನು ಕೆಳಗಿಟ್ಟರು. ಹುಡುಗನನ್ನು ಕೇಳಿದರು, "ಅರ್ಥರ ಗೊತ್ತೈತೇನು ನಿನಗ?"

"ಇಲ್ರಿ. ನೀವು ಹೇಳಿದ್ರ ಗೊತ್ತಾಗತಿತ್ತು."

ಆ ಮಾತು ನೇರ ಹೋಗಿ ನಾಟಿತು. ದೇವೇಂದ್ರಪ್ಪನವರ ಕಿವಿ ಕೆಂಪಾದವು. ಉತ್ತರಪತ್ರಿಕೆಯ ಮೇಲೆ ತಾವೇ ಬರೆದಿದ್ದ 'ನಕಲು' ಎಂಬುದನ್ನು ಹೊಡೆದುಹಾಕಿ, ತಪ್ಪೊಪ್ಪಿಗೆಯನ್ನು ಹರಿದರು.

"ಹೋಗ್ರಿನ್ನ."

ಮಾರೆವ್ವ ಹೋಗಲಿಲ್ಲ. ಸೆರಗು ಸರಿಮಾಡಿಕೊಂಡು ನೆಲದ ಮೇಲೆ ಕುಳಿತಳು. "ಒಂದು ತಿಂಗಳು ಹೇಳಿಕೋಂತ ಬೀಸೀನ್ರಿ. ಅದರಾಗ ಏನೈತಿ ಅಂತ ತಿಳಕೊಂಡ ಹೋಗತೀನಿ."

ದೇವೇಂದ್ರಪ್ಪನವರು ಎದ್ದು ಬಾಗಿಲು ಮುಚ್ಚಲು ಹೋದರು. ಹೊರಗೆ ಪಡಸಾಲೆಯಲ್ಲಿ ಬೇರೆ ಮಾಸ್ತರರು ನಿಂತಿದ್ದರು. ದೇವೇಂದ್ರಪ್ಪನವರು ಬಾಗಿಲು ತೆರೆದೇ ಬಿಟ್ಟು ತಿರುಗಿ ಬಂದು ಕುಳಿತು, ಪುಸ್ತಕ ತೆರೆದರು.

"ಶೇರ್‌ಶಾಹ ಅಂತ ಒಬ್ಬ ಬಾದಶಾಹ ಇದ್ದ," ಎಂದರು, ದನಿ ತಗ್ಗಿಸದೆ. "ರಸ್ತಾದ ಎರಡೂ ಕಡೆ ಗಿಡಾ ಹಚ್ಚಿಸಿದ."

ಗಾದಿಲಿಂಗಪ್ಪ ತಾಯಿಯ ಪಕ್ಕದಲ್ಲಿ ಕುಳಿತು ಕೇಳತೊಡಗಿದ.