ಗಂಟಿನ ಗೆರೆ

ಅವ್ವನ ಹಸಿರು ಸೀರೆಯಲ್ಲಿ, ಸೆರಗಿನ ಅಂಚಿನಿಂದ ಒಂದು ಮೊಳ ಒಳಗೆ, ಅಡ್ಡಕ್ಕೆ ಸಣ್ಣ ಸಣ್ಣ ಗಂಟುಗಳ ಗೆರೆಯೊಂದಿತ್ತು. ಅಪ್ಪನೇ ನೇಯ್ದ ಸೀರೆ. ಕೊಳ್ಳುವವರು ಯಾರೂ ಮೂಸಿಯೂ ನೋಡಲಿಲ್ಲವಾದ್ದರಿಂದ ಮನೆಯಲ್ಲೇ ಉಳಿಯಿತು. ಹಬ್ಬ ಬಂತೆಂದರೆ ಅವ್ವ ಬೇಕೆಂದೇ ಅದನ್ನುಟ್ಟು, ಗಂಟುಗಳು ಕಾಣುವಂತೆ ಸೆರಗು ಹೊದ್ದು, ಅಪ್ಪನಿಗೆ ಊಟ ಬಡಿಸುತ್ತಿದ್ದಳು.

ಆ ಗಂಟುಗಳು ಬಿದ್ದದ್ದು ನನಗೆ ಹನ್ನೊಂದು ವರ್ಷವಿದ್ದಾಗ. ನಮ್ಮ ನೇಕಾರರ ಓಣಿಯಲ್ಲಿ ಹಾಸನ್ನು, ಅಂದರೆ ಮಗ್ಗಕ್ಕೇರುವ ಉದ್ದದ ನೂಲನ್ನು, ಬೀದಿಯುದ್ದಕ್ಕೂ ಎಳೆದು ಕಟ್ಟಿ ಗಂಜಿ ಹಚ್ಚುತ್ತಿದ್ದರು. ಬೇಸಿಗೆಯಲ್ಲಂತೂ ಗಾಳಿ ಏಳುವ ಮೊದಲು, ಬೆಳಗಿನಲ್ಲೇ ಆ ಕೆಲಸ ಮುಗಿಯಬೇಕು. ಅವತ್ತು ಬೆಳಗಿನ ಸರದಿ ಎದುರುಮನೆಯ ಸಂಕವ್ವನದಾಗಿತ್ತು. ಒಂದು ದಿನ ಕಾಯಲು ಅಪ್ಪನಿಗೆ ಏನು ಧಾಡಿಯಾಗಿತ್ತೋ, ಮಧ್ಯಾಹ್ನವೇ ಹಾಸು ಹರಡಿದ.

"ತಿಪ್ಪಣ್ಣಾ, ಅಲ್ಲಿ ನೋಡು, ಕೆಂಪ ಧೂಳ ಎದ್ದೇತಿ. ಸುತ್ತಿಡು," ಎಂದಳು ಸಂಕವ್ವ.

"ನಿನ್ನ ಹಾಸು ಒಣಗೇತಲ್ಲ, ಒಳಗ ಹೋಗು," ಎಂದ ಅಪ್ಪ.

ಗಂಜಿ ಇನ್ನೂ ಹಸಿಯಿರುವಾಗಲೇ ಬಿರುಗಾಳಿ ನುಗ್ಗಿತು. ಕಣ್ಣು, ಬಾಯಿ ಎಲ್ಲ ಮಣ್ಣು. ಯಾರದೋ ಮಾಡಿನ ತಗಡು ಹಾರಿಬಂದು ಬೇವಿನ ಮರಕ್ಕೆ ಬಡಿಯಿತು. ಕೈಜೋಡಿಸಲು ಬಂದವರೆಲ್ಲ ಒಳಗೋಡಿದರು. ನಾನು ನಿಂತಿದ್ದ ತುದಿಯಲ್ಲಿ ಗೂಟದ ಹಗ್ಗ ಹರಿಯಿತು. ಅಪ್ಪ ಹಾಸಿನ ತುದಿಯನ್ನು ಜಡೆಯಂತೆ ಹೊಸೆದು ನನ್ನ ಬಲ ಮುಂಗೈಗೆ ಮೂರು ಸುತ್ತು ಬಿಗಿದು ಕಟ್ಟಿದ.

"ಸತ್ರೂ ಬಿಡಬ್ಯಾಡ," ಎಂದವನೇ ಆಚೆ ತುದಿಗೆ ಓಡಿದ.

ಬಿಡೋಣವೆಂದರೂ ಬಿಡಿಸಿಕೊಳ್ಳುವಂಥ ಗಂಟೇ ಅದು? ಹಾಸು ಗಾಳಿ ತುಂಬಿಕೊಂಡು ನನ್ನನ್ನು ದರದರನೆ ಎಳೆಯಿತು. ಬೆರಳುಗಳು ನೀಲಿಗಟ್ಟಿದವು. "ಅಪ್ಪಾ, ನನ್ನ ಕೈ," ಎಂದು ಅರಚಿದೆ. ಅವನು ತಿರುಗಿ ನೋಡಿದ. ನೋಡಿ, ಮತ್ತೆ ಆಚೆಯ ಗೂಟ ಬಡಿಯತೊಡಗಿದ. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಅವ್ವ ಕುಡುಗೋಲು ಹಿಡಿದು ಓಡಿಬಂದಳು. ಬೀದಿಯಲ್ಲಿ ಕಟ್ಟಿದ ಹಾಸಿನ ಮೇಲೆ ಕಬ್ಬಿಣ ಹಾಕುವುದೆಂದರೆ ನಮ್ಮವರಲ್ಲಿ ಮಗ್ಗಕ್ಕೇ ಕೇಡು ಬಗೆದಂತೆ. ಅವಳು ಎರಡೇ ಏಟಿಗೆ ಕತ್ತರಿಸಿಬಿಟ್ಟಳು. ಉಳಿದ ಹಾಸು ಹಾರಿ ಬೇವಿಗೆ ಸುತ್ತಿಕೊಂಡಿತು.

"ಮನಿ ಹಾಳ ಮಾಡಿದೆಲ್ಲ," ಎಂದ ಅಪ್ಪ.

"ಮೊದಲ ಕೂಸಿನ ಕೈ ನೋಡು," ಎಂದಳು ಅವ್ವ.

ಅವನು ನೋಡಲಿಲ್ಲ. ಸೀರೆಯ ಅಳತೆಗೆ ಒಂದು ಮೊಳ ಕಡಿಮೆ ಬೀಳುತ್ತದೆಂದು ವಾರವಿಡೀ ಕೂತು, ಕತ್ತರಿಸಿದ ಎಳೆಗಳನ್ನೆಲ್ಲ ಒಂದೊಂದಾಗಿ ಸೇರಿಸಿ ಗಂಟು ಹಾಕಿದ. ಆ ವಾರ ದಿನವೂ ನನ್ನನ್ನು ವೈದ್ಯರ ಹತ್ತಿರ ಕರೆದೊಯ್ದವಳು ಸಂಕವ್ವ. ಎರಡು ಬೆರಳು ಇಂದಿಗೂ ಮಡಚುವುದಿಲ್ಲ. ನೇಕಾರರ ಮನೆಯಲ್ಲಿ ಹುಟ್ಟಿಯೂ ನನಗೆ ಮಗ್ಗದ ಮುಂದೆ ಕೂರಲಾಗಲಿಲ್ಲ.

ಅವ್ವ ತೀರಿಕೊಂಡ ಮರುವರ್ಷದ ಹಬ್ಬಕ್ಕೆ ಆ ಸೀರೆಯನ್ನು ನಾನು ಉಟ್ಟೆ. ಅಪ್ಪನ ಕಣ್ಣು ಅಷ್ಟರಲ್ಲಿ ಪೂರ್ತಿ ಮಂಜಾಗಿತ್ತು. ಈಗಲಾದರೂ ಕೈ ಹೇಗಿದೆ ಎಂದು ಕೇಳಲಿ ಅಂತ ಎದುರಿಗೆ ಕೂತು, ಬಲಗೈಯನ್ನು ಅವನ ಮುಂದೆಯೇ ಇಟ್ಟೆ. ಅವನ ಕೈ ತಡಕಾಡುತ್ತ ಬಂದು ಸೆರಗಿಗೆ ತಾಗಿತು. ಬೆರಳು ಗಂಟುಗಳ ಮೇಲೆ ನಿಧಾನವಾಗಿ ಸರಿಯಿತು.

"ನೋಡು, ಒಂದೂ ಬಿಚ್ಚಿಲ್ಲ," ಎಂದ, ಹೆಮ್ಮೆಯಿಂದ.

ನಾನು ಸೆರಗು ಎಳೆದುಕೊಂಡೆ. ಅವನ ಬೆರಳುಗಳು ಸ್ವಲ್ಪ ಹೊತ್ತು ಬರಿಗಾಳಿಯಲ್ಲಿ ಗಂಟು ಹುಡುಕಿದವು. ನನ್ನ ಕೈ ಅಲ್ಲೇ, ಒಂದು ಗೇಣಿನಾಚೆ ಇತ್ತು.