ಮುರಳಿಯ ಮೊಬೈಲಿಗೆ ಬರುವ ಆರು ಅಂಕಿ

ಪ್ರತಿ ತಿಂಗಳ ಇಪ್ಪತ್ತನೇ ತಾರೀಖು ನಾನು ಪದ್ಮಶ್ರೀಗೆ ಫೋನ್ ಮಾಡುತ್ತಿದ್ದೆ. ಅವರ ಅಂಗಡಿಯ ಜಿಎಸ್‌ಟಿ ರಿಟರ್ನ್ ಸಲ್ಲಿಸುವಾಗ ಓಟಿಪಿ ಬರುತ್ತಿದ್ದದ್ದು ಅವಳ ಗಂಡ ಮುರಳಿಮೋಹನನ ನಂಬರಿಗೆ. ಅವನು ತೀರಿಕೊಂಡು ಹತ್ತು ತಿಂಗಳಾದರೂ ಆ ಮೊಬೈಲನ್ನು ಅವಳು ದಿನವೂ ಚಾರ್ಜಿಗೆ ಹಾಕುತ್ತಿದ್ದಳು. ಆರು ಅಂಕಿಗಳನ್ನು ಒಂದೊಂದಾಗಿ ಓದುತ್ತಿದ್ದಳು. ಓದಿ ಮುಗಿದ ಮೇಲೂ ಫೋನ್ ಇಡುತ್ತಿರಲಿಲ್ಲ. ನಾನೂ ಇಡುತ್ತಿರಲಿಲ್ಲ.

ಮುರಳಿ ಇದ್ದಾಗ "ಬರ್ಕೊಳಪ್ಪ ಆಡಿಟರೇ, ಲಾಟರಿ ನಂಬರು" ಎಂದು ಶುರುಮಾಡಿ, ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಅಂಕಿ ಹೇಳಿ ಗೊಂದಲ ಎಬ್ಬಿಸುತ್ತಿದ್ದ. ನಾನು ಆಡಿಟರ್ ಅಲ್ಲ. ಶಿಡ್ಲಘಟ್ಟದ ಬಸ್ ನಿಲ್ದಾಣದ ಹಿಂದೆ ಒಂದು ಕೋಣೆ ಹಿಡಿದು ಸಣ್ಣ ವ್ಯಾಪಾರಿಗಳ ತೆರಿಗೆ ಕಾಗದ ನೋಡಿಕೊಳ್ಳುವವನು. ಅದು ಅವನಿಗೂ ಗೊತ್ತಿತ್ತು. ನಾವು ಹೈಸ್ಕೂಲಿನಿಂದ ಸ್ನೇಹಿತರು.

ಮಾಲೀಕ ಸತ್ತರೆ ವಾರಸುದಾರರು ತಿಂಗಳೊಳಗೆ ತಮ್ಮ ಹೆಸರಿಗೆ ಹೊಸ ನೋಂದಣಿ ಮಾಡಿಸಬೇಕು, ಹಳೆಯದನ್ನು ರದ್ದು ಮಾಡಿಸಬೇಕು. ಹನ್ನೊಂದನೇ ದಿನದ ತಿಥಿಯಂದೇ ಈ ಮಾತು ಎತ್ತಿದ್ದೆ. ಮುರಳಿಯ ತಾಯಿ ವೆಂಕಟರತ್ನಮ್ಮ ಒಪ್ಪಲಿಲ್ಲ.

"ವರ್ಷ ತುಂಬೋ ತನಕ ಅಂಗಡಿಯಿಂದ ಅವನ ಹೆಸರು ತೆಗೀಬಾರ್ದು. ನಮ್ಮಲ್ಲಿ ಹಂಗೇ ನಡ್ಕೊಂಡು ಬಂದಿರೋದು."

ಅವರು ಹೇಳಿದ್ದು ಬೋರ್ಡಿನ ಮಾತು. ಬೋರ್ಡು ಬೇರೆ, ಕಾಗದ ಬೇರೆ ಎಂದು ನಾನು ಬಿಡಿಸಿ ಹೇಳಬೇಕಿತ್ತು. ಹೇಳಲಿಲ್ಲ. ಸತ್ತವನ ಹೆಸರಿನಲ್ಲಿ ತಿಂಗಳು ತಿಂಗಳು ರಿಟರ್ನ್ ಸಲ್ಲಿಸುತ್ತಾ ಹೋದೆ. ಆ ಫೋನ್ ಕರೆ ನನಗೂ ಬೇಕಿತ್ತು.

ಕೊನೆಗೆ ಬ್ಯಾಂಕಿನವರಿಗೆ ಸುದ್ದಿ ತಿಳಿದು ಖಾತೆ ನಿಂತಿತು. ರೇಷ್ಮೆ ಹುಳು ಸಾಕುವವರಿಗೆ ಬೇಕಾದ ಚಂದ್ರಿಕೆ, ಬಲೆ, ಬ್ಲೀಚಿಂಗ್ ಪೌಡರ್ ಕಳಿಸುತ್ತಿದ್ದ ಸಗಟು ವ್ಯಾಪಾರಿ, ಇನ್ನು ಆ ಹೆಸರಿಗೆ ಬಿಲ್ ಹಾಕುವುದಿಲ್ಲ ಎಂದ. ಹೀಗೇ ಬಿಟ್ಟರೆ ಅಂಗಡಿ ಮುಚ್ಚಬೇಕಿತ್ತು. ಪದ್ಮಶ್ರೀಯ ಹೆಸರಿಗೆ ಹೊಸ ನೋಂದಣಿ ಮಾಡಿಸಿದೆ. ದಾಸ್ತಾನಿನ ಮೇಲೆ ಮೊದಲೇ ಕಟ್ಟಿದ್ದ ತೆರಿಗೆಯ ಜಮೆಯೂ ಅವಳ ಹೆಸರಿಗೆ ದಾಟಿತು. ಉಳಿದದ್ದು ಮುರಳಿಯ ನೋಂದಣಿಯ ರದ್ದತಿ.

ಅದಕ್ಕೆ ಅತ್ತೆ ಸೊಸೆ ಇಬ್ಬರೂ ನನ್ನ ಕೋಣೆಗೆ ಬಂದರು. ಪದ್ಮಶ್ರೀ ಮೊಬೈಲನ್ನು ಕರ್ಚೀಫಿನಲ್ಲಿ ಸುತ್ತಿ ತಂದಿದ್ದಳು.

"ಫೈನ್ ಬೀಳುತ್ತಾ?" ಎಂದಳು.

"ಬೀಳಬಹುದು. ತಡ ಆಗಿದ್ದು ನನ್ನಿಂದ ಅತ್ತಿಗೆ, ನಾನೇ ಕಟ್ತೀನಿ."

"ಕಟ್ಟು ಮತ್ತೆ," ಎಂದರು ವೆಂಕಟರತ್ನಮ್ಮ. "ಓದಿದೋನಲ್ವೇನಪ್ಪ ನೀನು? ನಾನು ಬೋರ್ಡು ಅಂದ್ರೆ ನೀನು ಸರ್ಕಾರನೇ ನಿಲ್ಲಿಸ್ಬಿಟ್ಟಿದೀಯ."

ಅರ್ಜಿ ತುಂಬಿ ಗುಂಡಿ ಒತ್ತಿದೆ. ಮೇಜಿನ ಮೇಲೆ ಮೊಬೈಲು ಸದ್ದು ಮಾಡಿತು. ಮೂವರೂ ನೋಡಿದೆವು. ಯಾರೂ ಎತ್ತಿಕೊಳ್ಳಲಿಲ್ಲ. ಪರದೆ ಬೆಳಗಿತು, ಮಂಕಾಯಿತು, ಆರಿತು. ಹೊರಗೆ ಚಿಂತಾಮಣಿ ಬಸ್ಸಿನ ಕಂಡಕ್ಟರ್ ಕೂಗಿ ಕೂಗಿ ಸುಮ್ಮನಾದ. ಹತ್ತು ನಿಮಿಷ ಕಳೆದು ಆ ಅಂಕಿಗಳ ಅವಧಿ ಮುಗಿಯಿತು.

"ಇನ್ನೊಂದು ತರ್ಸಪ್ಪ," ಎಂದರು ವೆಂಕಟರತ್ನಮ್ಮ, ಮೆಲ್ಲಗೆ. ಆಮೇಲೆ ಸೊಸೆಯ ಕಡೆ ತಿರುಗಿ, "ಎತ್ಕೊ ತಲ್ಲಿ. ಬೋರ್ಡು ಅಲ್ಲೇ ಇರುತ್ತೆ. ಅಂಗಡಿ ನಡೀಬೇಕಲ್ಲ."

ಎರಡನೆಯ ಸಲ ಪದ್ಮಶ್ರೀ ಎತ್ತಿಕೊಂಡಳು. ಓದಿ ಹೇಳಲಿಲ್ಲ. ಕೀಬೋರ್ಡನ್ನು ತನ್ನ ಕಡೆ ಎಳೆದುಕೊಂಡು ತಾನೇ ಒತ್ತಿದಳು. ಐದು ಅಂಕಿ ಆದ ಮೇಲೆ ಬೆರಳು ನಿಂತಿತು. ನಾನು ಗೋಡೆ ನೋಡುತ್ತಾ ಕುಳಿತೆ. ಆರನೆಯದರ ಸದ್ದು ಕೇಳಿಸಿತು.

"ಇನ್ನು ಈ ನಂಬರಿಗೆ ಏನೂ ಬರಲ್ಲ, ಅಲ್ವಾ?"

"ರದ್ದಾಯ್ತು ಅಂತ ಒಂದು ಮೆಸೇಜ್ ಬರುತ್ತೆ. ಅಷ್ಟೇ."

"ಯಾವಾಗ?"

"ಮೂವತ್ತು ದಿನದೊಳಗೆ."

ಅವಳು ಮನಸ್ಸಿನಲ್ಲೇ ಏನೋ ಲೆಕ್ಕ ಹಾಕಿದಳು.

"ಇವತ್ತಿಗೆ ರೀಚಾರ್ಜ್ ಮುಗಿಯುತ್ತೆ. ನಾನು ಹಾಕ್ಸೋದು ಇಪ್ಪತ್ತೆಂಟು ದಿನದ್ದು. ಎರಡು ದಿನ ಕಡಿಮೆ ಬೀಳುತ್ತಲ್ಲ. ಜಾಸ್ತಿ ದಿನದ್ದು ಯಾವ್ದಾದ್ರೂ ಇದೆಯಾ, ನೋಡ್ತೀರಾ?"

ನನ್ನ ಮೊಬೈಲಿನಲ್ಲಿ ಹುಡುಕಿದೆ. ಮೂವತ್ತು ದಿನದ್ದೂ ಇತ್ತು. ನಾನು ಎಂಬತ್ತನಾಲ್ಕು ದಿನದ್ದನ್ನು ಹಾಕಿದೆ. ಅವಳು ಬೇಡ ಎನ್ನಲಿಲ್ಲ.